ಎಡೆಗಿಂತ ಮೊದಲಿನ ಹೋಳಿಗೆ

ನಮ್ಮ ಮನೆಗೆ ವರ್ಷದಲ್ಲಿ ಎರಡೇ ಹಬ್ಬ, ಕ್ರಿಸ್‌ಮಸ್ ಮತ್ತು ಈಸ್ಟರ್. ಉಳಿದವೆಲ್ಲ ಗೋಡೆಯ ಆಚೆಗಿದ್ದವು. ಆ ಗೋಡೆಯಾದರೂ ಎಂಥದ್ದು? ಹಿತ್ತಲಲ್ಲಿ ಎದೆಮಟ್ಟಕ್ಕೆ ಎದ್ದು ಅಲ್ಲಿಗೇ ಸಾಕೆನಿಸಿಕೊಂಡ ಕಲ್ಲು-ಮಣ್ಣಿನ ಗೋಡೆ. ಆಚೆ ಒಗ್ಗರಣೆ ಹಾಕಿದರೆ ಈಚೆ ನಾವು ಸೀನುತ್ತಿದ್ದೆವು. ವಿಜಯಪುರವನ್ನು ಆಗ ಎಲ್ಲರೂ ವಿಜಾಪುರ ಎನ್ನುತ್ತಿದ್ದರು. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ, ರೈಲು ಹೊರಟರೆ ಗೂಡಿನಲ್ಲಿಟ್ಟ ಚಿಮಣಿ ದೀಪ ಅಲುಗಾಡುವಷ್ಟು ಹತ್ತಿರ, ನಮ್ಮ ಮಣ್ಣು ಮಾಳಿಗೆಯ ಮನೆ. ಅದು ನಮ್ಮದಲ್ಲ, ಸಭೆಯದ್ದು. ಚರ್ಚಿಗೆ ಸೇರಿದ ಮಂದಿಯನ್ನು ನಮ್ಮಲ್ಲಿ ಸಭೆ ಎನ್ನುತ್ತಾರೆ. ಅಪ್ಪ ಆ ಸಭೆಯ ಉಪದೇಶಿ. ಪಾದ್ರಿಗಳ ಕೆಳಗಿನ ಕೆಲಸ. ಸೈಕಲ್ ಏರಿ ಟಿಕೋಟಾ, ಬಬಲೇಶ್ವರದ ಕಡೆ ಹೋಗಿ, ಹೊಸದಾಗಿ ನಂಬಿಕೆಗೆ ಬಂದವರಿಗೆ ಪ್ರಾರ್ಥನೆ ಕಲಿಸಿ, ಹಾಡು ಹೇಳಿಸಿ, ಜಗಳ ಬಿಡಿಸಿ, ಮೈತುಂಬ ಕೆಂಧೂಳಾಗಿ ಹಿಂತಿರುಗುವುದು. ಮನೆಯಲ್ಲಿ ಒಂದು ಪಡಸಾಲೆ, ಒಂದು ಅಡುಗೆಮನೆ, ನಡುವೆ ಒಂದು ಕತ್ತಲೆಕೋಣೆ. ಪಡಸಾಲೆಯಲ್ಲಿ ಒಂದೇ ಒಂದು ಕುರ್ಚಿ. ಅದರ ಮೇಲೆ ನಾವ್ಯಾರೂ ಕೂರುತ್ತಿರಲಿಲ್ಲ. ಅದು ಸಭೆಯ ಹಿರಿಯರು ಬಂದಾಗ ಕೂರುವುದಕ್ಕೆ, ಉಳಿದ ದಿನ ಅಪ್ಪನ ಕೋಟು ನೇತುಹಾಕುವುದಕ್ಕೆ.

ಅಪ್ಪನಿಗೆ ಜಗತ್ತಿನಲ್ಲಿದ್ದ ವಸ್ತುಗಳೆಲ್ಲ ಎರಡೇ ಬಗೆ. ಒಂದು ದೇವರದ್ದು, ಇನ್ನೊಂದು ಲೋಕದ್ದು. ಕುಂಕುಮ ಲೋಕದ್ದು, ಬಾಗಿಲ ತೋರಣ ಲೋಕದ್ದು, ರಂಗೋಲಿ ಲೋಕದ್ದು, ಸಿನಿಮಾ ಅಂತೂ ಲೋಕದ ಅಪ್ಪ. ಗಾಜಿನ ಬಳೆಯ ಬಗ್ಗೆ ಬಹಳ ದಿನ ತೀರ್ಮಾನವಾಗಿರಲಿಲ್ಲ. ಚಹಾ ಕೂಡ ಮೊದಲು ಲೋಕದ್ದೇ ಆಗಿತ್ತಂತೆ. ಒಂದು ಸಲ ಪಾದ್ರಿಗಳು ಬಂದು ಎರಡು ಕಪ್ಪು ಕುಡಿದು ಹೋದ ಮೇಲೆ ಅದು ದೇವರ ಕಡೆಗೆ ಬಂತು. ಈಗ ನಗು ಬರುತ್ತದೆ. ಆದರೆ ಅಪ್ಪನಿಗೆ ಅದು ನಗೆಯ ಮಾತಾಗಿರಲಿಲ್ಲ. ಇವತ್ತು ಒಂದು ಸಣ್ಣ ಸಂದು ಬಿಟ್ಟರೆ ನಾಳೆ ಅದರಲ್ಲಿ ಎಮ್ಮೆ ನುಗ್ಗುತ್ತದೆ ಎಂದು ಅವನು ನಿಜವಾಗಿ ಹೆದರಿದ್ದ. ಅವನ ಹೆದರಿಕೆ ಸುಳ್ಳಾಗಲಿಲ್ಲ ಎಂದು ಇಷ್ಟು ವಯಸ್ಸಾದ ಮೇಲೆ ನಾನೇ ಹೇಳುತ್ತಿದ್ದೇನೆ. ಸಂದು ಎಲ್ಲಿದೆ ಎನ್ನುವುದು ಮಾತ್ರ ಅವನಿಗೆ ಕಾಣಲಿಲ್ಲ.

ಅವ್ವ ಮಮದಾಪುರದವಳು. ಅಲ್ಲಿ ಅವರದು ಹಬ್ಬ ಹರಿದಿನಗಳು ತುಂಬಿದ ಮನೆ. ಅವಳು ಹುಡುಗಿಯಾಗಿದ್ದಾಗ ಅವಳ ಅಪ್ಪ ಹೊಸ ನಂಬಿಕೆಗೆ ಬಂದ, ಅವನ ಹಿಂದೆ ಅವಳೂ ಬಂದಳು. ಮನಸ್ಸಿಟ್ಟೇ ಬಂದಳು, ಅದರಲ್ಲಿ ಸಂಶಯವಿಲ್ಲ. ಕತ್ತಲೆಕೋಣೆಯಲ್ಲಿ ಮೊಣಕಾಲೂರಿ ಅವಳು ಮಾಡುತ್ತಿದ್ದ ಪ್ರಾರ್ಥನೆಯಂಥದ್ದನ್ನು ನಾನು ದೊಡ್ಡ ದೊಡ್ಡ ಚರ್ಚುಗಳಲ್ಲೂ ಕೇಳಿಲ್ಲ. ಆದರೆ ಅವಳ ದೊಡ್ಡಪ್ಪ ಚಿಕ್ಕಪ್ಪಂದಿರು ಹಬ್ಬಕ್ಕೆ ಕರೆಯುವುದನ್ನು ಬಿಟ್ಟರು. ಹೋಳಿಗೆಯ ಹೂರಣ ರುಬ್ಬುವ ಕಲ್ಲಿನ ಸದ್ದು ಗೋಡೆಯಾಚೆ ಕೇಳಿದ ದಿನ ಅವ್ವ ವಿನಾಕಾರಣ ನಮ್ಮ ಮೇಲೆ ರೇಗುತ್ತಿದ್ದಳು. ಮಕ್ಕಳಾದ ನನಗೂ ನನ್ನ ತಮ್ಮನಿಗೂ ಆ ಸಿಟ್ಟಿನ ಹಿಂದೆ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಪೆಟ್ಟು ಮಾತ್ರ ತಿಳಿಯುತ್ತಿತ್ತು.

ಗೋಡೆಯಾಚೆ ಇದ್ದವಳು ನೀಲವ್ವ. ಅವಳು ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ ನಾವೂ ಈ ಮನೆಗೆ ಬಂದಿದ್ದೆವು. ಇಬ್ಬರಿಗೂ ಊರು ಹೊಸದು, ಇಬ್ಬರಿಗೂ ಮಾತಾಡಲು ಆ ಗೋಡೆಯೇ ಗತಿ. ನಳದಲ್ಲಿ ನೀರು ಬಂದಾಗ ಒಬ್ಬರು ಇನ್ನೊಬ್ಬರ ಕೊಡವನ್ನೂ ಪಾಳಿಗೆ ಇಡುತ್ತಿದ್ದರು. ನೀಲವ್ವನ ಅತ್ತೆ ಗೌರವ್ವ ಬಲು ಕಟ್ಟುನಿಟ್ಟಿನ ಹೆಂಗಸು. ಆ ಮನೆಯಲ್ಲಿ ಹಬ್ಬದ ದಿನ ಒಲೆಯ ಮೇಲೆ ಏರಿದ್ದೆಲ್ಲ ದೇವರ ಮೀಸಲು. ಜಗಲಿಯ ಮೇಲಿನ ದೇವರಿಗೆ ಎಡೆ ಹಿಡಿಯುವ ತನಕ ಉಪ್ಪು ನೋಡಲು ಸಹ ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಅಳುವ ಹಸುಗೂಸನ್ನೂ ಸುಮ್ಮನಿರಿಸುತ್ತಿದ್ದರೇ ಹೊರತು ಒಂದು ಚೂರು ಕೊಡುತ್ತಿರಲಿಲ್ಲ.

ಮೊದಲ ವರ್ಷದ ಯುಗಾದಿಗೆ ನೀಲವ್ವ ಗೋಡೆಯ ಮೇಲೆ ಹೋಳಿಗೆಯ ತಾಟು ಇಟ್ಟಳು. ಅವ್ವ ತಾಟನ್ನು ನೋಡಿದಳು, ನಮ್ಮನ್ನು ನೋಡಿದಳು. ಮೂರ್ತಿಗೆ ಅರ್ಪಿಸಿದ್ದನ್ನು ನಾವು ತಿನ್ನುವುದಿಲ್ಲ. ಅದು ನಮ್ಮಲ್ಲಿ ಮೊದಲ ಪಾಠ. ಬೇಡ ಎಂದರೆ ಇದ್ದ ಒಬ್ಬ ಗೆಳತಿಯ ಮನಸ್ಸು ಮುರಿಯುತ್ತದೆ. ಅವ್ವ ಬೇಡ ಎನ್ನಲಿಲ್ಲ, ಒಂದು ಪ್ರಶ್ನೆ ಕೇಳಿದಳು.

“ನೀಲಾ, ಎಡಿ ಹಿಡದ ಮ್ಯಾಲಿಂದೇನ ಇದು? ಎಡಿ ಹಿಡದದ್ದು ನಮಗ ನಡ್ಯಾಂಗಿಲ್ಲವ್ವಾ.”

ನೀಲವ್ವ ಸೆರಗಿನಿಂದ ಹಣೆ ಒರೆಸಿಕೊಂಡು ಹೇಳಿದಳು:

“ತಡೀರಿ ಅಕ್ಕಾ, ಎಡಿ ಹಿಡೀಲಾರದ್ದು ತಂದಕೊಡತೀನಿ.”

ಆ ತಾಟು ಹಿಂದೆ ಹೋಯಿತು, ಸ್ವಲ್ಪ ಹೊತ್ತಿಗೆ ಬೇರೆ ತಾಟು ಬಂತು. ಒಲೆಯಿಂದ ಆಗತಾನೆ ಇಳಿದ, ಇನ್ನೂ ತುಪ್ಪ ಸುರಿಯದ ಹೋಳಿಗೆ. ಅಂದಿನಿಂದ ಪ್ರತಿ ಹಬ್ಬಕ್ಕೂ ಅದೇ ಪದ್ಧತಿ. ದೇವರಿಗೆ ಹೋಗುವ ಮೊದಲೇ ನಮ್ಮ ಪಾಲು ಗೋಡೆ ಹತ್ತುತ್ತಿತ್ತು. ಅವ್ವ ಅದನ್ನು ಮೇಜಿನ ಮೇಲಿಟ್ಟು ಪ್ರಾರ್ಥನೆ ಮಾಡಿ ನಮಗೆ ಹಂಚುತ್ತಿದ್ದಳು. ಆಮೆನ್ ಎನ್ನುವ ಮೊದಲೇ ನನ್ನ ಕೈ ತಾಟಿನಲ್ಲಿರುತ್ತಿತ್ತು, ಅಷ್ಟು ಆಸೆಬುರುಕಿ ನಾನು. ಅಪ್ಪನಿಗೂ ಈ ಏರ್ಪಾಡು ಬಹಳ ಹಿಡಿಸಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ಕೆಲಸ ಸಾಧಿಸಿದೆವೆಂದು ಅವನಿಗೆ ಹೆಮ್ಮೆ. “ಎಡಿ ಹಿಡಿಯೂಕಿಂತ ಮೊದಲ ಅದು ಬರೇ ಬ್ಯಾಳಿ, ಬೆಲ್ಲ, ಹಿಟ್ಟು” ಎಂದು ತಿನ್ನುತ್ತ ಹೇಳುವನು. ಟಿಕೋಟಾದ ಕೂಟದಲ್ಲಿಯೂ ಒಮ್ಮೆ ಇದನ್ನು ಉದಾಹರಣೆಯಾಗಿ ಹೇಳಿಬಂದ, ಲೋಕದ ನಡುವೆ ಬದುಕುತ್ತಲೂ ಲೋಕದವರಾಗದೆ ಇರುವುದು ಹೀಗೆ ಎಂದು. ನೀಲವ್ವನ ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತೆಂದು ನಮ್ಮ ಮನೆಯಲ್ಲಿ ಒಬ್ಬರೂ ಯೋಚಿಸಲಿಲ್ಲ. ನಮ್ಮ ಕೈ ಸ್ವಚ್ಛವಾಗಿತ್ತಲ್ಲ, ಸಾಕು.

ಆ ಉದಾಹರಣೆ ಟಿಕೋಟಾದಲ್ಲಿ ಸುಮ್ಮನೆ ಕೂರಲಿಲ್ಲ, ನಡೆದುಕೊಂಡು ಕಳ್ಳಕವಟಗಿಗೆ ಹೋಯಿತು. ಅಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದ ನಾಲ್ಕಾರು ಮನೆಗಳಿದ್ದವು. ಅವರ ಅಣ್ಣತಮ್ಮಂದಿರೆಲ್ಲ ಹಳೆಯ ದಾರಿಯಲ್ಲೇ ಇದ್ದವರು. ಉಪದೇಶಿಗಳ ಮನೆಯಲ್ಲೇ ಹಬ್ಬದ ಹೋಳಿಗೆ ನಡೆಯುತ್ತದಂತೆ ಎಂದು ಮೊದಲು ಊಟಕ್ಕೆ ಹೋದರು, ಆಮೇಲೆ ಎಡೆಯ ಮುಂದೆ ಕೂತರು, ಆಮೇಲೆ ಮಗುವಿಗೆ ಜ್ವರ ಬಂದಾಗ ಹರಕೆಯನ್ನೂ ಹೊತ್ತರು. ಎಡೆಗಿಂತ ಮೊದಲು, ಎಡೆಯ ಆಮೇಲೆ ಎಂಬ ಅಪ್ಪನ ಸೂಕ್ಷ್ಮ ಅವರಿಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಕೇಳಿದವರಿಗೆ ಒಂದೇ ಉತ್ತರ ಕೊಟ್ಟರು: “ಉಪದೇಶಿಗಳ ಮನ್ಯಾಗ ನಡದದ್ದು ನಮ್ಮ ಮನ್ಯಾಗ ಯಾಕ ನಡೀಬಾರದು?” ಈ ಮಾತು ಬಬಲೇಶ್ವರದ ಹಿರಿಯ ದಾವೀದಪ್ಪನವರ ಕಿವಿಗೆ ಬಿತ್ತು. ಈಸ್ಟರಿಗೆ ಮೊದಲು ಮನೆಮನೆಗೆ ಹೋಗಿ, ಯಾರು ಕರ್ತನ ಭೋಜನಕ್ಕೆ ಬರಬಹುದು, ಯಾರನ್ನು ತಡೆಯಬೇಕು ಎಂದು ವಿಚಾರಿಸುವವರು ಅವರೇ. ರೊಟ್ಟಿ ಮತ್ತು ದ್ರಾಕ್ಷಾರಸದ ಆ ಪಂಕ್ತಿಯಿಂದ ಉಪದೇಶಿಯನ್ನೇ ಎಬ್ಬಿಸಿದರೆ ಅವನು ಉಪದೇಶಿಯಾಗಿ ಉಳಿಯುವುದಿಲ್ಲ. ಉಪದೇಶಿಯಲ್ಲದವನಿಗೆ ಸಭೆಯ ಮನೆಯೂ ಇಲ್ಲ. ಅವರು ಬರುತ್ತಾರೆಂದು ತಿಳಿದ ಮೇಲೆ ಅಪ್ಪನಿಗೆ ಊಟ ಸೇರಲಿಲ್ಲ. ಅವ್ವ ಕುರ್ಚಿಯನ್ನು ಒರೆಸಿದ್ದೇ ಒರೆಸಿದ್ದು.

ಅವರು ಬಂದದ್ದು ಸರಿಯಾಗಿ ಯುಗಾದಿಯ ದಿನ. ಬೇಕೆಂದೇ ಆ ದಿನ ಆರಿಸಿಕೊಂಡರೋ ಏನೋ. ಬಿಳಿ ರುಮಾಲು, ದಪ್ಪ ಮೀಸೆ, ಮಾತು ಕಮ್ಮಿ. ಅವ್ವ ಚಹಾ ತಂದಿಟ್ಟಳು. ಗೋಡೆಯಾಚೆಯಿಂದ ಹೋಳಿಗೆ ಬೇಯುವ ವಾಸನೆ ಪಡಸಾಲೆಯ ತನಕ ಬಂದು ನಮ್ಮ ಮಧ್ಯೆಯೇ ಕೂತಿತ್ತು.

“ಹಬ್ಬದ ತಾಟು ಬರತೈತಂತಲ್ಲವ್ವಾ ನಿಮ್ಮ ಮನಿಗೆ?” ಎಂದರು ಹಿರಿಯರು.

“ಬರತೈತ್ರಿ. ಆದ್ರ ಎಡಿ ಹಿಡಿಯೂಕಿಂತ ಮೊದಲ ಕೊಡತಾಳ್ರಿ ಆಕಿ.”

“ಅವರ ದೇವರಿಗಿಂತ ಮೊದಲ ನಿಮಗ?”

ಹಿರಿಯರು ಸಿಟ್ಟಿನಿಂದ ಕೇಳಲಿಲ್ಲ, ಅಚ್ಚರಿಯಿಂದ ಕೇಳಿದರು. ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂಬಾಗಿಲಲ್ಲಿ ಬೆಳ್ಳಿ ಕಡಗದ ಸದ್ದಾಯಿತು. ಬಂದವಳು ನೀಲವ್ವನಲ್ಲ, ಗೌರವ್ವ. ಗೋಡೆಯ ಮೇಲಿಂದಲ್ಲ, ತಲೆಬಾಗಿಲಿಂದ. ಕೈಯಲ್ಲಿ ಹಿತ್ತಾಳೆಯ ತಾಟು, ತಾಟಿನಲ್ಲಿ ತುಪ್ಪ ಸುರಿದ ಹೋಳಿಗೆ, ಅಂಚಿಗೆ ಅರಿಷಿಣ ಕುಂಕುಮ, ಒಂದು ಎಸಳು ಮಲ್ಲಿಗೆ. ಆಕೆ ನಮ್ಮ ಹೊಸ್ತಿಲಿಗೆ ಬಂದದ್ದೇ ಅದು ಮೊದಲು.

“ನೀಲಿ ಹೊರಗ ಕುಂತಾಳ, ಅಡಗಿಮನಿಗೆ ಬರೂಹಂಗಿಲ್ಲ. ನಾನ ಮಾಡಿ, ನಾನ ಎಡಿ ಹಿಡದು ತಂದೇನಿ. ಹುಡುಗೂರ ಹಾದಿ ನೋಡತಿರತಾವಂತ ಆಕಿ ಒಂದ ಸವನ ಹಲಬಾಕತ್ತಿದ್ಲು. ತಗೊ, ಬಿಸಿ ಅದಾವ.”

ಅವ್ವ ಕೈ ಚಾಚಲಿಲ್ಲ. ಅಪ್ಪ ಅವಳ ಹತ್ತಿರ ಸರಿದು, ತುಟಿ ಅಲುಗದಂತೆ ಪಿಸುಗುಟ್ಟಿದ. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆನಾದ್ದರಿಂದ ನನಗೆ ಕೇಳಿಸಿತು.

“ತಗೊಂಡು ಇಡು. ಆಮ್ಯಾಲ ದನಕ್ಕ ಹಾಕಿದ್ರಾತು.”

ಅವ್ವ ಅಪ್ಪನ ಮುಖ ನೋಡಿದಳು. ಲೋಕವನ್ನು ಗೆರೆ ಕೊರೆದು ಎರಡು ಭಾಗ ಮಾಡಿದ ಮನುಷ್ಯ ಹೀಗೆಂದನಲ್ಲ ಎಂಬ ನೋಟ ಅದು. ನನಗೂ ಆಗ ಅಪ್ಪನ ಮೇಲೆ ಮೊದಲ ಬಾರಿ ಬೇಸರವಾಯಿತು, ಕನಿಕರವೂ ಆಯಿತು.

“ಅವ್ವಾರ,” ಎಂದಳು ಅವ್ವ, “ಎಡಿ ಹಿಡದದ್ದನ್ನ ನಾವು ತಿನ್ನೂದಿಲ್ಲರಿ. ಸಿಟ್ಟ ಮಾಡಬ್ಯಾಡ್ರಿ.”

“ಅಂದ್ರ? ಇಷ್ಟ ವರ್ಷ ತಿಂದ್ರಲ್ಲ?”

“ಅವು ಎಡೀಗಿಂತ ಮೊದಲಿನವು ಇದ್ದುವ್ರಿ...”

ಮಾತು ಬಾಯಿಂದ ಬಿದ್ದ ಮೇಲೆ ಅವ್ವನಿಗೆ ತಾನೇನು ಹೇಳಿದೆನೆಂದು ತಿಳಿಯಿತು. ಗೌರವ್ವ ಕೂಗಾಡಲಿಲ್ಲ. “ನಮ್ಮ ಮನ್ಯಾಗ ಎಡೀಗಿಂತ ಮೊದಲಿಂದು ಅನ್ನೂದ ಇಲ್ಲ” ಎಂದು, ತಾಟಿನ ಮೇಲೆ ಸೆರಗು ಮುಚ್ಚಿಕೊಂಡು ಹೊರಟುಹೋದಳು. ಆಚೆಯಿಂದ ಬೈಗುಳ ಕೇಳಿಸಿದ್ದರೆ ಎಷ್ಟೋ ವಾಸಿಯಿತ್ತು. ಏನೂ ಕೇಳಿಸಲಿಲ್ಲ.

ಅವ್ವ ಹಿರಿಯರಿಗೆ ಹೇಳದೆ ಕೇಳದೆ ಹೊರಗೆ ನಡೆದಳು. ಮನೆ, ಕೆಲಸ, ಈಸ್ಟರಿನ ಪಂಕ್ತಿ ಯಾವುದೂ ಆಗ ಅವಳ ತಲೆಯಲ್ಲಿ ಇದ್ದಿರಲಾರದು. ಗೌರವ್ವ ಸೊಸೆಯನ್ನು ತವರಿಗೆ ಅಟ್ಟಿಬಿಟ್ಟರೆ? ಅದೊಂದೇ ಅವಳ ಹೆದರಿಕೆ. ದಾರಿಯುದ್ದಕ್ಕೂ “ನೀಲಾ, ನೀಲಾ” ಎಂದು ತನಗೆ ತಾನೇ ಅಂದುಕೊಳ್ಳುತ್ತ ಹೋದಳು. ನಾನು ಹಿಂದೆಯೇ ಓಡಿದೆ. ನೀಲವ್ವ ಹೊರಗಿನ ಕಟ್ಟೆಯ ಮೂಲೆಯಲ್ಲಿ ಕಂಬಳಿಯ ಮೇಲೆ ಮುದುಡಿ ಕೂತು ಅಳುತ್ತಿದ್ದಳು. ಗೌರವ್ವ ಅಂಗಳದ ನಡುವೆ ನಿಂತಿದ್ದಳು. ತಾಟು ಇನ್ನೂ ಕೈಯಲ್ಲೇ ಇತ್ತು.

“ಆಕೀದೇನೂ ತಪ್ಪಿಲ್ಲರಿ ಅವ್ವಾರ,” ಅವ್ವ ಅಂಗಳದ ಅಂಚಿನಿಂದಲೇ ಹೇಳಿದಳು. “ತಪ್ಪ ನಂದು. ನನಗ ನನ್ನ ದೇವರೂ ಬೇಕಾಗಿದ್ದ, ನಿಮ್ಮ ಹೋಳಗೀನೂ ಬೇಕಾಗಿತ್ತು. ಒಲ್ಲೆ ಅಂದ್ರ ಈ ಹುಡುಗಿ ಮಾತ ಬಿಡತಾಳಂತ ಅಂಜಿದೆ. ಅದಕ್ಕ ಮೊದಲ ಕೊಡು ಅಂದೆ. ನಿಮ್ಮ ಮೀಸಲ ಮುರೀತೈತಿ ಅನ್ನೂದು ನನ್ನ ತಲ್ಯಾಗ ಬರಲಿಲ್ಲ.”

ಗೌರವ್ವ ತಾಟನ್ನು ಬಾಗಿಲೊಳಗೆ ಇಟ್ಟು ತಿರುಗಿದಳು.

“ಅಲ್ಲಬೇ, ಕ್ರಿಸ್‌ಮಸ್ಸಿಗೆ ನೀ ಕರ್ಚಿಕಾಯಿ ತಗೊಂಡ ಬರತಿ. ಆಗ ನಾ ಏನಂತೀನಿ?”

“ನಮ್ಮ ಒಲಿ ಮ್ಯಾಲಿಂದು ನಿಮಗ ನಡ್ಯಾಂಗಿಲ್ಲಂತೀರಿ. ಬಾಳಿಹಣ್ಣು ತಗೋತೀರಿ.”

“ಹೌದಿಲ್ಲೊ? ಮುಖದ ಮ್ಯಾಲ ಅಂತೀನಿ. ನೀ ಒಂದ ದಿನಾರೆ ಸಿಟ್ಟ ಮಾಡಿಯೇನ?”

“ಇಲ್ಲರಿ.”

“ಮತ್ತ ನಾ ಮಾಡತೀನಂತ ಯಾಕ ತಿಳಕೊಂಡಿ? ನನ್ನ ದೇವರು ನನಗ ದೊಡ್ಡಾಂವ. ನಿನ್ನ ದೇವರು ನಿನಗ ದೊಡ್ಡಾಂವ ಇರಬೇಕೋ ಬ್ಯಾಡೋ? ಒಲ್ಲೆ ಅಂತ ಒಂದ ಮಾತ ಅಂದಿದ್ರ ಮುಗೀತಿತ್ತು. ಅದನ್ನ ನುಂಗಿ, ನನ್ನ ಸೊಸಿ ಕೈಲೆ ನನ್ನ ದೇವರ ಪಾಲ ಕಳವ ಮಾಡಿಸಿದಿ.”

ಅವ್ವ ಅಳತೊಡಗಿದಳು. ನೀಲವ್ವ ಮೊದಲೇ ಅಳುತ್ತಿದ್ದಳು. ಇಬ್ಬರನ್ನೂ ನೋಡಿ ನಾನೂ ಶುರು ಮಾಡಿದೆ. ಗೌರವ್ವನಿಗೆ ಅಷ್ಟು ಮಂದಿಯ ಅಳು ಒಮ್ಮೆಲೇ ತಡೆಯಲಾಗಲಿಲ್ಲವೆಂದು ತೋರುತ್ತದೆ.

“ಹಬ್ಬದ ದಿನಾ ಏನಿದು ಹೆಣಾ ಬಿದ್ದವರ ಮನಿಹಂಗ? ಬಾಯಿ ಮುಚಗೋರಿ” ಎಂದು ಗದರಿ ಒಳಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಮೊರವಿತ್ತು. ಮೊರದಲ್ಲಿ ಕಡಲೆಬೇಳೆ, ಒಂದು ಅಚ್ಚು ಬೆಲ್ಲ, ಗೋಧಿ ಹಿಟ್ಟು, ನಾಲ್ಕು ಏಲಕ್ಕಿ.

“ಇದು ಹಸೀದು. ಒಲಿ ಕಂಡಿಲ್ಲ, ದೇವರ ಮುಂದ ಹೋಗಿಲ್ಲ. ಮನಿಗೆ ಬಂದವರಿಗೆ ಪಡಿ ಕೊಟ್ಟಂಗ ಕೊಟ್ಟೇನಿ. ನಿನ್ನ ಒಲಿ ಮ್ಯಾಲ ನೀನ ಹೋಳಗಿ ಮಾಡು, ನಿನ್ನ ದೇವರಿಗೆ ಹೇಳಿ ತಿನ್ನು. ಇನ್ನ ಮ್ಯಾಲ ಹಬ್ಬಕ್ಕ ಹಿಂಗ.”

ನಾವು ಮೊರ ಹೊತ್ತು ಮನೆಗೆ ಬಂದಾಗ ಪಡಸಾಲೆಯಲ್ಲಿ ಇಬ್ಬರೂ ಹೋದಾಗ ಹೇಗಿದ್ದರೋ ಹಾಗೇ ಇದ್ದರು. ಚಹಾದ ಮೇಲೆ ಕೆನೆ ಕಟ್ಟಿತ್ತು. ಅವ್ವ ನಡೆದದ್ದನ್ನೆಲ್ಲ ಹೇಳಿದಳು, ಏನೂ ಮುಚ್ಚಿಡಲಿಲ್ಲ. ಅಪ್ಪ ತಲೆ ತಗ್ಗಿಸಿ ಕೇಳಿ, ಆಮೇಲೆ ಹಿರಿಯರ ಮುಂದೆ ಎದ್ದು ನಿಂತ.

“ಆಕೀಗಿಂತ ನಂದ ಹೆಚ್ಚಿನ ತಪ್ಪು, ಹಿರ್ಯಾರ. ನೀವು ಕುಂತಿದ್ದಾಗನ ನಾ ಆಕಿಗೆ ತಾಟ ತಗೊ, ದನಕ್ಕ ಹಾಕೂಣು ಅಂದೆ. ನಿಮಗ ಕೇಳಿಸಿರಲಿಕ್ಕಿಲ್ಲ.”

“ಕೇಳಿಸ್ತು,” ಎಂದರು ದಾವೀದಪ್ಪನವರು. “ನೀವು ಹೇಳತೀರೋ ಇಲ್ಲೋ ಅಂತ ಕುಂತಿದ್ದೆ.”

ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಷ್ಟು ಬೋಳು ತಲೆಯನ್ನು ನಾನು ನಿರೀಕ್ಷಿಸಿರಲಿಲ್ಲ.

“ಉಪದೇಶಿಗಳ, ಹೊರಗಿನ ಲೋಕಕ್ಕ ಬಾಗಲಾ ಹಾಕಬಹುದು. ನಮ್ಮೊಳಗ ಕುಂತು, ಇಷ್ಟರಾಗ ಏನಾಗತೈತಿ ಅನ್ನೂ ಲೋಕಕ್ಕ ಯಾವ ಬಾಗಲಾ? ಟಿಕೋಟಾಕ್ಕ ಹೋಗ್ರಿ, ಕಳ್ಳಕವಟಗಿಗೂ ಹೋಗ್ರಿ. ಇವತ್ತ ಆದದ್ದನ್ನ ಇದ್ದಂಗ ಹೇಳ್ರಿ. ಈಸ್ಟರಿಗೆ ಇಬ್ಬರೂ ಪಂಕ್ತಿಗೆ ಬರ್ರಿ.”

ಅವ್ವ ಅಡುಗೆಮನೆಗೆ ಹೋಗಿ ಗೋಡೆಗೊರಗಿ ಕೂತಳು. ಆಮೇಲೆ ಎದ್ದು ಸೆರಗು ಸಿಗಿಸಿ ಬೇಳೆ ಬೇಯಲು ಇಟ್ಟಳು. ಮಮದಾಪುರ ಬಿಟ್ಟ ಮೇಲೆ ಅವಳು ತನ್ನ ಕೈಯಾರೆ ಹೋಳಿಗೆ ಮಾಡಿದ್ದು ಅವತ್ತೇ. ಮಾಡಿದರೆ ಹಬ್ಬ ಮಾಡಿದಂತಾಗುತ್ತದೆ ಎಂದು ಅಲ್ಲಿಯ ತನಕ ಮಾಡಿರಲಿಲ್ಲವಂತೆ. ಬೇರೆಯವರ ಹಬ್ಬದ ಹೋಳಿಗೆ ತಿನ್ನಬಹುದು, ತನ್ನ ಒಲೆಯ ಮೇಲೆ ಮಾತ್ರ ಕೂಡದು! ಮೊದಲಿನವು ಹರಿದವು, ಹೂರಣ ಹೆಂಚಿಗೆ ಹತ್ತಿತು. ಆಮೇಲೆ ಕೈಗೆ ಹಳೆಯ ನೆನಪು ಬಂತು. ಹಿರಿಯರು ಮಧ್ಯಾಹ್ನದ ಬಸ್ಸಿಗೆ ಹೊರಟವರು ಅದನ್ನು ಬಿಟ್ಟು ಸಂಜೆಯ ಬಸ್ಸಿಗೆ ಹೋದರು. ಎಷ್ಟು ತಿಂದರೆಂದು ಎಣಿಸಬಾರದೆಂದು ಅವ್ವ ನಮಗೆ ಕಣ್ಣು ಬಿಟ್ಟಿದ್ದಳು.

ಅಪ್ಪ ಮರುವಾರವೇ ಟಿಕೋಟಾಕ್ಕೆ ಹೋಗಿ ಎಲ್ಲವನ್ನೂ ಹೇಳಿದ. ದನಕ್ಕೆ ಹಾಕೋಣ ಎಂದದ್ದನ್ನೂ ಬಿಡಲಿಲ್ಲ. ಕಳ್ಳಕವಟಗಿಯಲ್ಲಿ ಕೆಲವರು ತಮ್ಮ ಅಣ್ಣಂದಿರಿಗೆ ನೇರವಾಗಿ ಒಲ್ಲೆವೆಂದರು, ಅಣ್ಣಂದಿರು ಕೆಲಕಾಲ ಮುನಿಸಿಕೊಂಡು ಸುಮ್ಮನಾದರು. ಒಂದು ಮನೆಯವರು ಮಾತ್ರ ತಿರುಗಿ ಸಭೆಗೆ ಬರಲಿಲ್ಲ. ಆ ಮನೆಯ ಹೆಸರು ಪ್ರಾರ್ಥನೆಯಲ್ಲಿ ಬಂದಾಗಲೆಲ್ಲ ಅಪ್ಪನ ದನಿ ತಗ್ಗುತ್ತಿತ್ತು. ಅಪ್ಪ ಆಮೇಲೂ ಕಟ್ಟುನಿಟ್ಟಿನವನಾಗೇ ಉಳಿದ. ಸಿನಿಮಾಕ್ಕೆ ನಾನು ಮದುವೆಯಾದ ಮೇಲೆಯೇ ಹೋದದ್ದು. ಆದರೆ ನಮ್ಮ ಮನೆಯ ಗಾಳಿಯಲ್ಲಿದ್ದ ಒಂದು ಬಿಗಿ ಸಡಿಲಿತು. ಬೇಡವೆನ್ನುವುದನ್ನು ಮೆತ್ತಗೆ, ಕಣ್ಣಲ್ಲಿ ಕಣ್ಣಿಟ್ಟು ಹೇಳಲು ನಾನು ಕಲಿತದ್ದು ಆ ವರ್ಷ. ಮುಂದೆ ಬದುಕಿನಲ್ಲಿ ಅದು ಎಷ್ಟು ಕಡೆ ಕೈಹಿಡಿಯಿತೆಂದು ಹೇಳಹೊರಟರೆ ಈ ಅಧ್ಯಾಯ ಮುಗಿಯುವುದಿಲ್ಲ.

ಶ್ರಾವಣದಲ್ಲಿ ಮುಂದಿನ ಹಬ್ಬ ಬಂತು. ಬೆಳಿಗ್ಗೆಯೇ ಗೌರವ್ವನ ಮೊರ ಬಂದು ಹೋಗಿತ್ತು. ಮಧ್ಯಾಹ್ನ ನೀಲವ್ವ ಗೋಡೆಯ ಹತ್ತಿರ ಬಂದಳು. ಬರಿಗೈ. ತಲೆಸ್ನಾನ ಮಾಡಿದ ಕೂದಲು ಇನ್ನೂ ಹಸಿ. ಅವ್ವ ಬೆಲ್ಲ ಕುಟ್ಟುತ್ತಿದ್ದವಳು ಎದ್ದು ಹೋದಳು. ನೀಲವ್ವ ನಗುತ್ತ ನಿಂತಿದ್ದಳು. ಆ ಮುಖ ಅಷ್ಟು ಹಗುರಾಗಿದ್ದುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಏನಬೇ, ಎಡಿ ಆತೇನ?” ಎಂದು ಕೇಳಿದಳು ಅವ್ವ.

“ಆತಕ್ಕಾ. ಇಷ್ಟ ವರ್ಷ ಎಡಿ ಹಿಡಿಯೂ ಮುಂದ ನಾ ಜಗಲಿ ಕಡೆ ನೋಡತಿದ್ದಿಲ್ಲ, ನೆಲಾ ನೋಡಕೋಂತ ಹಿಡೀತಿದ್ದೆ. ನಮ್ಮ ಹುಡುಗಗ ಕೆಮ್ಮ ಬಂದ್ರೂ ಇದ ಕಾರಣಂತ ಅಂಜತಿದ್ದೆ.” ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. “ಇವತ್ತ ತಲಿ ಎತ್ತಿ ದೇವರ ಮುಖಾ ನೋಡಿದೆ ಅಕ್ಕಾ.”

ಉಪದೇಶಿಯ ಹೆಂಡತಿ ಗೋಡೆಯ ಮೇಲಿದ್ದ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಹೇಳಿದಳು:

“ಚಲೋ ಆತವ್ವಾ.”